ಬಾತ್‌ರೂಮಿಗೆ ಕೃತಕ ಕಲ್ಲು: ಬಣ್ಣ ನೋಡುವ ಮೊದಲು ಅಂಟು ಯಾವುದು ಅಂತ ಕೇಳಿ

ಈಗ ಗ್ರಾನೈಟ್ ಅಂಗಡಿಗೆ ಹೋದರೆ ಎದುರಿಗೆ ಕಾಣುವುದು ಗ್ರಾನೈಟ್ ಅಲ್ಲವೇ ಅಲ್ಲ. ಸಾಲಾಗಿ ಒರಗಿ ನಿಂತ ಬಿಳಿ ಹಲಗೆಗಳು. ಒಂದರ ಮೇಲೆ ಬೂದು ಗೆರೆ, ಇನ್ನೊಂದರಲ್ಲಿ ಮಿನುಗುವ ಚೂರು, ಮತ್ತೊಂದು ಹಾಲಿನಷ್ಟು ಬಿಳಿ. ಯಾವುದನ್ನು ತೋರಿಸಿ ಕೇಳಿದರೂ ಉತ್ತರ ಒಂದೇ: "ಕ್ವಾರ್ಟ್ಜ್ ಮೇಡಂ, ಏನೂ ಆಗಲ್ಲ."

ನಮ್ಮ ಮನೆಯಲ್ಲಿ ಆಯಿತು. ಬಾತ್‌ರೂಮಿನ ವಾಶ್‌ಬೇಸಿನ್ ಕೆಳಗೆ ಹಾಕಿಸಿದ ಬಿಳಿ ಹಲಗೆ ಮೊದಲ ವರ್ಷ ಚೆನ್ನಾಗಿಯೇ ಇತ್ತು. ಬೋರ್‌ವೆಲ್ ನೀರಿನ ಬಿಳಿ ಕಲೆ ಹೋಗಲಿ ಅಂತ ಟಾಯ್ಲೆಟ್ ಕ್ಲೀನರ್ ಹಾಕಿ ಉಜ್ಜುತ್ತಾ ಬಂದೆವು. ಎರಡನೇ ವರ್ಷ ನಲ್ಲಿಯ ಸುತ್ತ ಹೊಳಪು ಹೋಗಿ ಸೀಮೆಸುಣ್ಣದ ಹಾಗಾಯಿತು. ಆಮೇಲೆ ಬೇರೊಬ್ಬ ಮೇಸ್ತ್ರಿ ಬಂದು ಅಂಚು ಕೆರೆದು ನೋಡಿ ನಕ್ಕರು. "ಇದು ಕ್ವಾರ್ಟ್ಜ್ ಅಲ್ಲ ಅಕ್ಕಾ, ಮಾರ್ಬಲ್ ಪುಡಿ ಕಲಸಿ ಎರಕ ಹೊಯ್ದದ್ದು. ಮೇಲೆ ಒಂದು ಪದರ ಬಣ್ಣ, ಅಷ್ಟೆ."

ಎರಡನೇ ಸಲ ಹಾಕಿಸುವಾಗ ಕಲಿತದ್ದನ್ನೆಲ್ಲ ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಚಿಕ್ಕಿಯಲ್ಲಿ ಬೆಲ್ಲ ಯಾವುದು?

ಕೃತಕ ಕಲ್ಲು ಅಂದರೆ ಕಡಲೆಕಾಯಿ ಚಿಕ್ಕಿ ಇದ್ದ ಹಾಗೆ. ಕಲ್ಲಿನ ಪುಡಿ ಅಥವಾ ಚೂರು ಕಡಲೆಬೀಜ. ಅದನ್ನು ಹಿಡಿದಿಟ್ಟಿರುವ ಅಂಟು ಬೆಲ್ಲ. ಮಳೆಗಾಲದಲ್ಲಿ ಚಿಕ್ಕಿ ಕೆಟ್ಟರೆ ಕೆಡುವುದು ಬೀಜ ಅಲ್ಲ, ಬೆಲ್ಲ. ಇಲ್ಲೂ ಹೆಚ್ಚಿನ ತೊಂದರೆ ಶುರುವಾಗುವುದು ಅಂಟಿನಿಂದಲೇ. ಹಾಗಾಗಿ ಅಂಗಡಿಯಲ್ಲಿ ಮೊದಲು ಕೇಳಬೇಕಾದ್ದು "ಇದರ ಅಂಟು ಏನು?" ಅಂತ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಕಂಪನಿಯ ವಿವರ ಇರುವ ಹಾಳೆ ತರಿಸಿ ಕೊಡಲು ಹೇಳಿ. ಅದೂ ಇಲ್ಲ ಅಂದರೆ ಮುಂದಿನ ಅಂಗಡಿಗೆ ನಡೆಯಿರಿ.

ನಿಜವಾದ ಕ್ವಾರ್ಟ್ಜ್ ಹಲಗೆಯಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ 90ರಿಂದ 93 ಪಾಲು ಬೆಣಚುಕಲ್ಲು (ಕ್ವಾರ್ಟ್ಜ್ ಅಂದರೆ ಅದೇ), ಉಳಿದದ್ದು ಪಾಲಿಯೆಸ್ಟರ್ ರೆಸಿನ್ ಅನ್ನುವ ಪ್ಲಾಸ್ಟಿಕ್ ಅಂಟು ಮತ್ತು ಬಣ್ಣ. ಇಟಲಿಯ ಬ್ರೆಟನ್ ಕಂಪನಿ 1960ರ ದಶಕದಲ್ಲಿ ಶುರುವಾಯಿತು. ಗಾಳಿ ತೆಗೆದು, ಅದುರಿಸಿ, ಒತ್ತಿ ಹಲಗೆ ಮಾಡುವ ವಿಧಾನ ಅವರದ್ದು. ಇವತ್ತಿಗೂ ಎಷ್ಟೋ ಕಾರ್ಖಾನೆಗಳಲ್ಲಿ ಅದೇ ನಡೆಯುತ್ತಿದೆ, ನಮ್ಮ ಪಕ್ಕದ ಆಂಧ್ರದ ವಿಶಾಖಪಟ್ಟಣದ ಹತ್ತಿರವೂ ಅಂಥದ್ದೊಂದಿದೆ. "93 ಪರ್ಸೆಂಟ್ ಕಲ್ಲು ಮೇಡಂ" ಅಂತ ಮಾರುವವರು ಹೇಳುವುದು ಸುಳ್ಳಲ್ಲ. ಆದರೆ ರೆಸಿನ್ ಕಲ್ಲಿಗಿಂತ ತುಂಬಾ ಹಗುರ. ಗಾತ್ರದ ಲೆಕ್ಕ ಹಾಕಿದರೆ ಹಲಗೆಯ ಸುಮಾರು ಆರನೇ ಒಂದು ಪಾಲು ಪ್ಲಾಸ್ಟಿಕ್ಕೇ. ಗೀರು ಬೀಳುವುದು ಕಷ್ಟ, ನೀರು ಹೀರುವುದಿಲ್ಲ ಅನ್ನಬಹುದು. ಬಿಸಿ ಮತ್ತು ಬಿಸಿಲು ಮಾತ್ರ ಆಗಿಬರುವುದಿಲ್ಲ. ಸುಮಾರು 150 ಡಿಗ್ರಿ ದಾಟಿದರೆ ರೆಸಿನ್ ಬಣ್ಣ ಬದಲಾಗುತ್ತದೆ. ನೇರ ಬಿಸಿಲು ವರ್ಷಗಟ್ಟಲೆ ಬಿದ್ದರೆ ಬಿಳಿ ಹೋಗಿ ಹಳದಿ ತಿರುಗುತ್ತದೆ.

ಸಾಲಿಡ್ ಸರ್ಫೇಸ್ ಇನ್ನೊಂದು ಜಾತಿ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ 1967ರಲ್ಲಿ ಹುಟ್ಟಿದ ಕೋರಿಯನ್ ಇದರ ಮೂಲಪುರುಷ. ಮೂರರಲ್ಲಿ ಒಂದು ಪಾಲು ಅಕ್ರಿಲಿಕ್, ಎರಡು ಪಾಲು ಬಾಕ್ಸೈಟ್ ಅದಿರಿನಿಂದ ತೆಗೆದ ಬಿಳಿ ಪುಡಿ. ಮುಟ್ಟಿದರೆ ಕಲ್ಲಿನ ತಣ್ಣನೆ ಇರುವುದಿಲ್ಲ. ಗೀರು ಬೇಗ ಬೀಳುತ್ತದೆ, ಬಿಸಿಯೂ ತಡೆಯುವುದಿಲ್ಲ. ಆದರೆ ಇದರ ದೊಡ್ಡ ಗುಣ ಒಂದಿದೆ: ಸಣ್ಣ ಗೀರನ್ನು ಮರಳು ಕಾಗದದಿಂದ ಉಜ್ಜಿ ತೆಗೆಯಬಹುದು. ಎರಡು ತುಂಡು ಸೇರಿಸಿದರೆ ಬೆಸುಗೆ ಕಾಣುವುದಿಲ್ಲ. ಬೇಸಿನ್ನನ್ನೂ ಹಲಗೆಯನ್ನೂ ಸಂದಿಯೇ ಇಲ್ಲದೆ ಒಂದೇ ತುಂಡಾಗಿ ಮಾಡಿಸಬಹುದು. ಬಾತ್‌ರೂಮಿನಲ್ಲಿ ಕೊಳೆ, ಬೂಷ್ಟು ಕೂರುವುದೇ ಸಂದಿಯಲ್ಲಿ ಅಲ್ವಾ? ಅಡುಗೆಮನೆಗಿಂತ ಬಾತ್‌ರೂಮಿಗೇ ಇದು ಸರಿಯಾದ ವಸ್ತು ಅಂತ ನನ್ನ ಅಭಿಪ್ರಾಯ.

ನಮಗೆ ಗಂಟುಬಿದ್ದದ್ದು ಮೂರನೆಯದು, ಕಲ್ಚರ್ಡ್ ಮಾರ್ಬಲ್. ಅಮೃತಶಿಲೆಯ ಪುಡಿಯನ್ನು ಪಾಲಿಯೆಸ್ಟರ್ ರೆಸಿನ್‌ನಲ್ಲಿ ಕಲಸಿ ಅಚ್ಚಿಗೆ ಹೊಯ್ಯುತ್ತಾರೆ. ಮೇಲೆ ಜೆಲ್ ಕೋಟ್ ಅನ್ನುವ ಹೊಳೆಯುವ ಪದರ. ಅದರ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ಅದು ಸವೆಯುವವರೆಗೂ ರಾಜನ ಹಾಗೆ ಇರುತ್ತದೆ. ಸವೆದ ಮೇಲೆ ಒಳಗಿನ ಸುಣ್ಣದ ಪುಡಿಗೆ ಆಸಿಡ್ ಸಿಗುತ್ತದೆ, ಕತೆ ಮುಗಿಯಿತು. ಬೇಸಿನ್ನಿನ ರಂಧ್ರದ ಸುತ್ತ ಸಣ್ಣ ಬಿರುಕಿನ ಬಲೆ ಬೀಳುವುದೂ ಇದರಲ್ಲೇ ಜಾಸ್ತಿ. ಬಿಸಿನೀರು, ತಣ್ಣೀರು ಒಂದರ ಹಿಂದೆ ಒಂದು ಬಿದ್ದು ಪದರ ಹಿಗ್ಗಿ ಕುಗ್ಗುವುದರಿಂದ ಆಗುವ ಗಾಯ ಅದು. ಹಾಗಂತ ಇದನ್ನು ಮೋಸದ ವಸ್ತು ಅನ್ನಲಾರೆ. ಕಲ್ಚರ್ಡ್ ಮಾರ್ಬಲ್ ಅಂತ ಹೇಳಿ ಅದರ ಬೆಲೆಗೆ ಮಾರಿದರೆ, ಮೆತ್ತಗಿನ ಸೋಪಿನಲ್ಲಿ ಒರೆಸಿಕೊಂಡು ಹೋಗುವ ಮನೆಯಲ್ಲಿ ಚೆನ್ನಾಗಿಯೇ ಬಾಳುತ್ತದೆ.

ಸಿಂಟರ್ಡ್ ಸ್ಟೋನ್‌ಗೆ ಬೆಲ್ಲವೇ ಇಲ್ಲ. ಜೇಡಿ, ಕಲ್ಲಿನ ಪುಡಿ, ಬಣ್ಣದ ಖನಿಜ ಎಲ್ಲ ಒತ್ತಿ 1200 ಡಿಗ್ರಿ ಆಸುಪಾಸಿನಲ್ಲಿ ಸುಡುತ್ತಾರೆ. ಒಂದು ರೀತಿಯಲ್ಲಿ ಇದು ಟೈಲಿನ ದೊಡ್ಡಣ್ಣ. ಬಿಸಿಲು, ಬಿಸಿ, ಆಸಿಡ್ ಯಾವುದಕ್ಕೂ ಜಗ್ಗುವುದಿಲ್ಲ. ಅಂಚು ಮಾತ್ರ ಸೂಕ್ಷ್ಮ, ಹಿತ್ತಾಳೆ ಚೊಂಬು ಬಿದ್ದರೆ ಚಕ್ಕೆ ಏಳಬಹುದು. ಕತ್ತರಿಸಲು ಪಳಗಿದ ಕೈಯೇ ಬೇಕು. ಗುಜರಾತಿನ ಮೋರ್ಬಿಯಿಂದ ಇದೇ ಬಳಗದ ದೊಡ್ಡ ಪೋರ್ಸಲೇನ್ ಹಲಗೆಗಳು ಬರುತ್ತವೆ.

ನ್ಯಾನೋ ವೈಟ್ ಅನ್ನುವುದು ಕಲ್ಲಿಗಿಂತ ಗಾಜಿಗೆ ಹತ್ತಿರ. ಕಣ್ಣು ಕುಕ್ಕುವ ಬಿಳಿ. ಚಕ್ಕೆ ಎದ್ದರೆ ರಿಪೇರಿ ಕಷ್ಟ. ಅಷ್ಟು ಸಾಕು.

ಕೊನೆಗೆ ಮೊಸಾಯಿಕ್. ಸಿಮೆಂಟಿನಲ್ಲಿ ಮಾರ್ಬಲ್ ಚೂರು ಕಲಸಿ, ತೀಡಿ ಹೊಳಪು ಕೊಟ್ಟದ್ದು. ನಮ್ಮ ಹಳೇ ಮನೆಗಳ ನೆಲ. ಅದನ್ನು ಒಡೆಸಿ ಟೈಲ್ಸ್ ಹಾಕಿಸಿದ ನಾವೇ ಈಗ ಟೆರಾಝೋ ಅನ್ನುವ ಹೆಸರಿಗೆ ಜಾಸ್ತಿ ದುಡ್ಡು ಕೊಟ್ಟು ಮರಳಿ ತರುತ್ತಿದ್ದೇವೆ! ಇದರ ಅಂಟು ಸಿಮೆಂಟ್, ಚೂರು ಸುಣ್ಣದ ಜಾತಿಯದ್ದು. ಎರಡನ್ನೂ ಆಸಿಡ್ ತಿನ್ನುತ್ತದೆ. ನೀರನ್ನೂ ಹೀರುತ್ತದೆ, ಹಾಗಾಗಿ ಸೀಲರ್ ಹಚ್ಚಿಸುತ್ತಲೇ ಇರಬೇಕು.

ಹೆಜ್ಜೆ 2: ಜಾಗ ನೋಡಿ

ಬಾತ್‌ರೂಮಿನಲ್ಲಿ ಒಂದು ಗಂಟೆ ಸುಮ್ನೆ ಗಮನಿಸಿ. ಪಶ್ಚಿಮದ ಕಿಟಕಿಯಿಂದ ಸಂಜೆ ಬಿಸಿಲು ಎಲ್ಲಿ ಬೀಳುತ್ತದೆ? ಮಗಳು ಹೇರ್ ಸ್ಟ್ರೈಟ್‌ನರ್ ಎಲ್ಲಿ ಇಡುತ್ತಾಳೆ? ಆ ಸಾಧನ 200 ಡಿಗ್ರಿ ದಾಟುತ್ತದೆ, ರೆಸಿನ್ ಕಲ್ಲಿನ ಮೇಲೆ ಮಲಗಿಸಿದರೆ ಕಂದು ಗುರುತು ಖಂಡಿತ. ಬಕೆಟ್ಟಿನಿಂದ ತೆಗೆದ ಹೀಟರ್ ಕಾಯಿಲ್, ಉರಿಯುವ ಸೊಳ್ಳೆಬತ್ತಿ ಇವೂ ಹಾಗೆಯೇ.

ಬೇಸಿನ್ ಹಲಗೆಗೆ ಕ್ವಾರ್ಟ್ಜ್, ಸಾಲಿಡ್ ಸರ್ಫೇಸ್, ಸಿಂಟರ್ಡ್ ಮೂರೂ ಆಗುತ್ತವೆ. ಬಿಸಿಲು ಬೀಳುವ ಕಡೆ ಸಿಂಟರ್ಡ್ ಒಂದೇ. ಶವರಿನ ಗೋಡೆಗೆ ತೆಳ್ಳಗಿನ ಸಿಂಟರ್ಡ್ ಅಥವಾ ಸಾಲಿಡ್ ಸರ್ಫೇಸ್ ಹಾಕಿದರೆ ಸಂದಿ ಕಡಿಮೆ. ಸೋಪು, ಶಾಂಪೂ ಇಡುವ ಗೂಡಿನ ತಳಕ್ಕೆ, ಬಾಗಿಲ ಹೊಸ್ತಿಲಿಗೆ ಉಳಿಕೆ ತುಂಡೇ ಸಾಕು.

ನೆಲಕ್ಕೆ ಪಾಲಿಶ್ ಆದ ಯಾವ ಕಲ್ಲೂ ಬೇಡ. ಎಣ್ಣೆಸ್ನಾನದ ದಿನ ಅದರ ಮೇಲೆ ಕಾಲಿಟ್ಟವರಿಗೆ ಕಾರಣ ಹೇಳಬೇಕಾಗಿಲ್ಲ. ಮನೆಯಲ್ಲಿ ವಯಸ್ಸಾದವರಿದ್ದರೆ ಇದರಲ್ಲಿ ರಾಜಿಯೇ ಇಲ್ಲ. ನೆಲಕ್ಕೆ ಒರಟು ಮೈಯ ಟೈಲ್ ಹಾಕಿಸಿ, ಚಂದ ಏನಿದ್ದರೂ ಗೋಡೆಗೆ.

ಹೆಜ್ಜೆ 3: ಕೈಯಗಲದ ತುಂಡು ತಂದು ಹಿಂಸೆ ಕೊಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ, ಯಾರೂ ಮಾಡದ ಹೆಜ್ಜೆಯೂ ಹೌದು. ಕೊಳ್ಳಬೇಕೆಂದಿರುವ ಹಲಗೆಯದ್ದೇ ಉಳಿಕೆ ತುಂಡು ಕೇಳಿ. ಬೆಂಗಳೂರಿನ ಜಿಗಣಿಯಂಥ ಕಡೆ ಕಲ್ಲು ಕತ್ತರಿಸುವ ಯಾರ್ಡುಗಳಲ್ಲಿ ಇಂಥವು ರಾಶಿ ಬಿದ್ದಿರುತ್ತವೆ. ಪಾಲಿಶ್ ಮಾಡಿದ ಮೈ ಮತ್ತು ಕತ್ತರಿಸಿದ ಅಂಚು ಎರಡೂ ಇರುವ ತುಂಡೇ ಬೇಕು.

ಮೊದಲು ಕೀಲಿಕೈ. ಉಕ್ಕಿನ ಕೀಲಿಯಿಂದ ಒತ್ತಿ ಗೀಚಿ. ಕ್ವಾರ್ಟ್ಜ್ ಉಕ್ಕಿಗಿಂತ ಗಟ್ಟಿ. ಹಾಗಾಗಿ ಸವೆಯುವುದು ಕೀಲಿ, ಕಲ್ಲಿನ ಮೇಲೆ ಬೂದು ಗೆರೆ ಉಳಿಯುತ್ತದೆ. ಅದನ್ನು ಪಾತ್ರೆ ತೊಳೆಯುವ ಪುಡಿ ಹಾಕಿ ಉಜ್ಜಿದರೆ ಹೋಗುತ್ತದೆ. ಗೆರೆ ಹೋಗದೆ ಉಗುರಿಗೆ ತಗುಲುತ್ತಿದ್ದರೆ ಆ ವಸ್ತು ಮೆತ್ತಗಿನದು.

ಆಮೇಲೆ ಆಸಿಡ್. ಟೆರೇಸ್ ಮೇಲೆ, ಗ್ಲೌಸ್ ಹಾಕಿಕೊಂಡು, ಕತ್ತರಿಸಿದ ಅಂಚಿನ ಮೇಲೆ ಟಾಯ್ಲೆಟ್ ಕ್ಲೀನರ್ ಎರಡು ಹನಿ ಬಿಡಿ. ಬುರುಬುರು ನೊರೆ ಎದ್ದರೆ ಒಳಗೆ ಮಾರ್ಬಲ್ ಪುಡಿ ಇದೆ ಅಂತ ಅರ್ಥ. ಮೇಲಿನ ಹೊಳೆಯುವ ಮೈಮೇಲೆ ಮಾತ್ರ ಹನಿಸಿದರೆ ಮೋಸ ಹೋಗುತ್ತೀರಿ, ಜೆಲ್ ಕೋಟ್ ಅದನ್ನು ತಡೆದುಬಿಡುತ್ತದೆ. ನಾನು ಮೊದಲ ಸಲ ಈ ಎರಡು ಹನಿ ಬಿಟ್ಟಿದ್ದರೆ ಹಲಗೆಯ ದುಡ್ಡು ಉಳಿಯುತ್ತಿತ್ತು.

ಮೂರನೆಯದು ಮನೆಯ ಕಲೆಗಳು. ಅರಿಶಿನ ಕಲಸಿದ ಕೊಬ್ಬರಿ ಎಣ್ಣೆ, ಮೆಹಂದಿ, ಕೂದಲಿಗೆ ಹಚ್ಚುವ ಕಪ್ಪು ಬಣ್ಣ, ಕುಂಕುಮ. ಒಂದೊಂದು ಬೊಟ್ಟು ಇಟ್ಟು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಸೋಪುನೀರಿನಲ್ಲಿ ಒರೆಸಿ. ಕೂದಲ ಬಣ್ಣ ಒಂದು ವಿಲನ್. ಹೊಳಪಿನ ಕ್ವಾರ್ಟ್ಜ್‌ನಲ್ಲೂ ನೆರಳು ಉಳಿಸಬಲ್ಲದು. ಹೊಳಪಿಲ್ಲದ ಮ್ಯಾಟ್ ಮೈ ಆದರೆ ಇನ್ನೂ ಹಟಮಾರಿ.

ಕೊನೆಯದಕ್ಕೆ ತಾಳ್ಮೆ ಬೇಕು. ತುಂಡಿನ ಅರ್ಧಕ್ಕೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಟೆರೇಸಿನ ಬಿಸಿಲಿನಲ್ಲಿ ಒಂದೆರಡು ತಿಂಗಳು ಇಡಿ. ಮನೆ ಕೆಲಸ ಹೇಗೂ ಅಷ್ಟು ದಿನ ಎಳೆಯುತ್ತದೆ. ಫಾಯಿಲ್ ಬಿಚ್ಚಿದಾಗ ಎರಡು ಬಣ್ಣ ಕಂಡರೆ ಕಿಟಕಿಯ ಹತ್ತಿರ ಆ ಕಲ್ಲು ಬೇಡ.

ಹೆಜ್ಜೆ 4: ಮೊದಲು ಬೇಸಿನ್, ಆಮೇಲೆ ಕಲ್ಲು

ಎಷ್ಟೋ ಜನ ಹಲಗೆ ಕೂರಿಸಿ ಆದ ಮೇಲೆ ಬೇಸಿನ್ ಹುಡುಕಲು ಹೋಗುತ್ತಾರೆ. ತಪ್ಪು. ಬೇಸಿನ್, ನಲ್ಲಿ, ಬೇಸಿನ್ನಿನ ತಳದಿಂದ ನೀರು ಹೊರಹೋಗುವ ವೇಸ್ಟ್ ಕಪ್ಲಿಂಗ್ ಮೂರನ್ನೂ ತಂದು ಕತ್ತರಿಸುವವರ ಎದುರಿಗೇ ಇಡಿ. ಕ್ಯಾಟಲಾಗಿನ ಅಳತೆ ನಂಬಿ ತೂತು ಕೊರೆಸಬೇಡಿ.

ಎತ್ತರದ ಲೆಕ್ಕ ಹೀಗೆ. ಮುಖ ತೊಳೆಯಲು ಬೇಸಿನ್ನಿನ ಬಾಯಿ ನೆಲದಿಂದ 32ರಿಂದ 34 ಇಂಚು ಇದ್ದರೆ ದೊಡ್ಡವರಿಗೆ ಹಿತ. ಹಲಗೆಯ ಕೆಳಗೆ ಕೂರುವ ಬೇಸಿನ್ ಆದರೆ ಹಲಗೆಯೇ ಆ ಎತ್ತರಕ್ಕೆ ಬರಬೇಕು. ಹಲಗೆಯ ಮೇಲೆ ಬಟ್ಟಲಿನ ಹಾಗೆ ಕೂರುವ ಬೇಸಿನ್ ಆದರೆ ಅದರ ಎತ್ತರ ಕಳೆಯಬೇಕು. 5 ಇಂಚಿನ ಬಟ್ಟಲಿಗೆ ಹಲಗೆ 28 ಇಂಚಿನಲ್ಲಿರಬೇಕು. ಇದನ್ನು ಮರೆತ ಮನೆಗಳಲ್ಲಿ ಮೊಣಕೈಯಿಂದ ನೀರು ಹರಿದು ಬಟ್ಟೆ ಒದ್ದೆಯಾಗುತ್ತದೆ. ಗಮನಿಸಿ ನೋಡಿ, ಹೊಸ ಮನೆಗಳಲ್ಲಿ ಇದು ಎಲ್ಲೆಲ್ಲೂ ಇದೆ.

ಒಂದು ಪೂರ್ತಿ ಕ್ವಾರ್ಟ್ಜ್ ಹಲಗೆ ದೊಡ್ಡದು. 3.2 ಮೀಟರ್ ಉದ್ದ, 1.6 ಮೀಟರ್ ಅಗಲದ್ದು ಅಂದರೆ ಸುಮಾರು 55 ಚದರಡಿ. ಎರಡು ಬಾತ್‌ರೂಮಿನ ಹಲಗೆಗೆ 16 ಚದರಡಿ ಸಾಕು. ಅಷ್ಟಕ್ಕೆ ಪೂರ್ತಿ ಹಲಗೆ ಕೊಳ್ಳುವ ಬದಲು ಉಳಿಕೆ ತುಂಡು ಕೇಳಿ, ಬೆಲೆ ಇಳಿಯುತ್ತದೆ. ಆದರೆ ಎರಡು ಹಲಗೆ ಸೇರಿಸುವ ಕಡೆ ಎರಡೂ ಒಂದೇ ಲಾಟಿನದಾಗಿರಲಿ. ಬಿಳಿಯಲ್ಲೂ ನೂರು ಬಿಳಿ. ಬಿಸಿಲಿಗೆ ಹಿಡಿದು ಜೋಡಿಸಿ ನೋಡಿದರೆ ಗೊತ್ತಾಗುತ್ತದೆ, ಟ್ಯೂಬ್‌ಲೈಟಿನ ಕೆಳಗೆ ಗೊತ್ತಾಗುವುದಿಲ್ಲ.

ಹೆಜ್ಜೆ 5: ಕತ್ತರಿಸುವ ಕೆಲಸ ಮನೆಯೊಳಗೆ ಬೇಡ

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಕಲ್ಲಿನವರು ಗ್ರೈಂಡರ್ ಹಿಡಿದು, ಮೂಗಿಗೆ ಟವೆಲ್ ಕಟ್ಟಿಕೊಂಡು, ಬಾಲ್ಕನಿಯಲ್ಲೇ ನೀರು ಹಾಕದೆ ಕಲ್ಲು ಕತ್ತರಿಸುತ್ತಾರೆ. ಬಿಳಿ ಧೂಳಿನ ಮೋಡ ಏಳುತ್ತದೆ. ಗ್ರಾನೈಟಿನಲ್ಲಿ ಹರಳು ರೂಪದ ಸಿಲಿಕಾ, ಅಂದರೆ ಬೆಣಚುಕಲ್ಲಿನ ಅಂಶ, ಮೂರನೇ ಒಂದು ಪಾಲಿನ ಆಸುಪಾಸು. ಕ್ವಾರ್ಟ್ಜ್ ಹಲಗೆಯಲ್ಲಿ 90ರ ಮೇಲೆ. ಆ ನುಣ್ಣನೆ ಧೂಳು ಶ್ವಾಸಕೋಶದ ಆಳಕ್ಕೆ ಇಳಿದು ಕೂತರೆ ಸಿಲಿಕೋಸಿಸ್ ಬರುತ್ತದೆ. ಬಂದರೆ ವಾಸಿಯಾಗುವ ಕಾಯಿಲೆ ಅಲ್ಲ ಅದು. ಈ ಕೆಲಸ ಮಾಡುವ ಚಿಕ್ಕ ವಯಸ್ಸಿನವರಲ್ಲೇ ಕಾಯಿಲೆ ಕಂಡು, ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಜಾತಿಯ ಹಲಗೆಗಳ ತಯಾರಿಕೆ, ಮಾರಾಟ, ಜೋಡಣೆ ಎಲ್ಲವನ್ನೂ ನಿಷೇಧಿಸಿತು. ಮನೆಯಲ್ಲಿ ಕೂತಿರುವ ಹಲಗೆಯಿಂದ ನಮಗೇನೂ ಅಪಾಯ ಇಲ್ಲ. ಅಪಾಯ ಇರುವುದು ಕತ್ತರಿಸುವವರಿಗೆ.

ಹಾಗಾಗಿ ಒಪ್ಪಂದ ಮಾಡುವಾಗಲೇ ಹೇಳಿಬಿಡಿ: ಕಟಿಂಗ್, ತೂತು, ಅಂಚಿನ ಪಾಲಿಶ್ ಎಲ್ಲ ಯಾರ್ಡಿನಲ್ಲಿ, ನೀರು ಬಿಡುವ ಯಂತ್ರದಲ್ಲೇ ಆಗಬೇಕು. ಅದಕ್ಕೆ ಮನೆಯ ಗೋಡೆಯ ಅಳತೆ ಪಕ್ಕಾ ಇರಬೇಕು. ತೆಳು ಪ್ಲೈವುಡ್ ಅಥವಾ ರಟ್ಟಿನಲ್ಲಿ ಮಾದರಿ ಕತ್ತರಿಸಿ ಜಾಗದಲ್ಲಿ ಕೂರಿಸಿ ನೋಡಿ. ನಮ್ಮ ಗೋಡೆಗಳ ಮೂಲೆ 90 ಡಿಗ್ರಿ ಇರುವುದು ಅಪರೂಪ, ಟೇಪಿನ ಅಳತೆ ಮಾತ್ರ ನಂಬಿದರೆ ಒಂದು ಕಡೆ ಬೆರಳು ತೂರುವಷ್ಟು ಸಂದಿ ಬರುತ್ತದೆ. ಕೂರಿಸುವಾಗ ಚೂರುಪಾರು ತೀಡಲೇಬೇಕಾದರೆ ಕಲ್ಲನ್ನು ಹೊರಗೆ ತಂದು, ನೀರು ಹಾಕುತ್ತಾ, ಸರಿಯಾದ ಮಾಸ್ಕ್ ಹಾಕಿಕೊಂಡು. ಟವೆಲ್ ಮಾಸ್ಕ್ ಅಲ್ಲ.

ಬೇಸಿನ್ನಿಗೆ ಚೌಕದ ತೂತು ಇದ್ದರೆ ಒಳ ಮೂಲೆಗಳು ಗುಂಡಗಿರಲಿ. ಚೂಪು ಮೂಲೆಯಿಂದಲೇ ಬಿರುಕು ಹೊರಡುತ್ತದೆ. ಎದುರಿನ ಅಂಚಿನ ಕೆಳಮೈಯಲ್ಲಿ ಉದ್ದಕ್ಕೂ ಸಣ್ಣ ಕಾಲುವೆಯಂಥ ಒಂದು ಗೀರು ಕೊರೆಸಿ, ಮೂರು ಮಿಲಿಮೀಟರ್ ಆಳ ಸಾಕು. ಅಂಚಿನಿಂದ ಇಳಿದ ನೀರು ಕೆಳಮೈ ಹಿಡಿದು ಒಳಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಕೆಳಗಿರುವ ಮರದ ಕಪಾಟು ಉಳಿಯುತ್ತದೆ. ಹಳೇ ಮನೆಯ ಸಜ್ಜೆಗೆ ಗಾರೆಯವರು ಮಾಡುತ್ತಿದ್ದ ಉಪಾಯವೇ ಇದು.

ಹೆಜ್ಜೆ 6: ಕೂರಿಸುವುದು

20 ಮಿಲಿಮೀಟರ್ ದಪ್ಪದ, ನಾಲ್ಕಡಿಗೆ ಎರಡಡಿ ಕ್ವಾರ್ಟ್ಜ್ ಹಲಗೆ ಸುಮಾರು 35 ಕೆಜಿ ತೂಗುತ್ತದೆ. ಮೇಲೆ ಬೇಸಿನ್, ಅದರಲ್ಲಿ ನೀರು, ಅಂಚು ಹಿಡಿದು ಏಳುವ ಅಜ್ಜನ ಭಾರ. ಬರೀ ಗೋಡೆಯಲ್ಲಿ ಕೊರೆದ ಸಂದಿಗೆ ಸಿಕ್ಕಿಸಿದರೆ ಸಾಲದು. ಕೆಳಗೆ ಕಡಪ ಕಲ್ಲಿನ ನಿಲುವು ಅಥವಾ ತುಕ್ಕು ಹಿಡಿಯದ ಸ್ಟೀಲ್ ಬ್ರಾಕೆಟ್ ಇರಲಿ. ಆಸರೆ ಸಮತಟ್ಟಾಗಿದೆಯಾ ಅಂತ ಮಟ್ಟದ ಕೋಲು ಇಟ್ಟು ನೋಡಿ. ಒಂದು ಕಡೆ ಎತ್ತರ ಇದ್ದರೆ ಕಲ್ಲು ಇವತ್ತಲ್ಲ ನಾಳೆ ಅಲ್ಲೇ ಸೀಳುತ್ತದೆ.

ಗಾರೆಯವರು ಅಭ್ಯಾಸಬಲದಿಂದ ಸಿಮೆಂಟ್ ಕಲಸಿ ಹಾಸಲು ಬರುತ್ತಾರೆ. ರೆಸಿನ್ ಇರುವ ಕಲ್ಲಿಗೆ ಅದು ಬೇಡ ಅನ್ನಿ. ಹಸಿ ಸಿಮೆಂಟಿನ ತೇವಕ್ಕೆ ಕೆಲವು ಹಲಗೆ ಬಾಗುತ್ತವೆ. ರೆಸಿನ್ ಕಲ್ಲು ಟೈಲಿಗಿಂತ ಜಾಸ್ತಿ ಹಿಗ್ಗಿ ಕುಗ್ಗುತ್ತದೆ, ಗಟ್ಟಿ ಸಿಮೆಂಟ್ ಅದಕ್ಕೆ ಜಾಗ ಕೊಡುವುದಿಲ್ಲ. ಅಲ್ಲಲ್ಲಿ ಸಿಲಿಕೋನ್ ಅನ್ನುವ ರಬ್ಬರಿನಂಥ ಅಂಟಿನ ಗುಪ್ಪೆ ಇಟ್ಟು ಹಲಗೆ ಕೂರಿಸಿದರೆ ಸಾಕು. ಗೋಡೆಯ ಪಕ್ಕ ಎರಡು ಮೂರು ಮಿಲಿಮೀಟರ್ ಸಂದಿ ಬಿಡಿ. ಆ ಸಂದಿಗೂ ಬಿಳಿ ಸಿಮೆಂಟ್ ತುಂಬಬೇಡಿ, ಆರು ತಿಂಗಳಿಗೆ ಕೂದಲೆಳೆ ಬಿರುಕು ಬಂದು ಕಪ್ಪಾಗುತ್ತದೆ. ಅಲ್ಲಿಗೂ ಸಿಲಿಕೋನೇ.

ಸಿಲಿಕೋನಿನಲ್ಲಿ ಎರಡು ಬಗೆ. ಮೂಗಿಗೆ ವಿನೆಗರ್ ವಾಸನೆ ಹೊಡೆಯುವುದು ಅಗ್ಗ, ಎಲ್ಲ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಆ ವಾಸನೆಯೇ ಆಸಿಡ್. ಮಾರ್ಬಲ್ ಪುಡಿಯ ಕಲ್ಲಿಗೆ, ಮೊಸಾಯಿಕ್ಕಿಗೆ, ಕನ್ನಡಿಯ ಹಿಂಬದಿಗೆ ಅದು ಕೆಡುಕು. ನ್ಯೂಟ್ರಲ್ ಅಂತ ಬರೆದಿರುವ, ಬೂಷ್ಟು ತಡೆಯುವ ಸ್ಯಾನಿಟರಿ ಸಿಲಿಕೋನ್ ಕೇಳಿ. ಸಂದಿಯ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ತುಂಬಿ, ಸೋಪುನೀರು ಸವರಿದ ಬೆರಳಿನಿಂದ ಒಂದೇ ಎಳೆತಕ್ಕೆ ಎಳೆದು, ಹಸಿ ಇರುವಾಗಲೇ ಟೇಪ್ ಕೀಳಿ. ಒಂದು ದಿನ ನೀರು ತಾಗಿಸಬೇಡಿ. ಮನೆಯವರಿಗೆ ಇದನ್ನು ಹೇಳಿದರೆ ಸಾಲದು, ನಲ್ಲಿಯ ವಾಲ್ವನ್ನೇ ಮುಚ್ಚಿಬಿಡಿ.

ಹೆಜ್ಜೆ 7: ನೀರು ಮತ್ತು ಬಾಟಲಿ

ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರದಿದ್ದರೆ ಒಳ್ಳೆಯದು, ಬೇರೆ ನೀರು ಸಿಗದ ಕಡೆ 600ರವರೆಗೆ ಸಹಿಸಬಹುದು ಅನ್ನುವುದು ಭಾರತೀಯ ಮಾನಕ. ಬೋರ್‌ವೆಲ್ ನೀರು ಎಷ್ಟೋ ಕಡೆ ಅದನ್ನೂ ಮೀರುತ್ತದೆ. ಇಂಥ ನೀರಿಗೆ ಬಿಳಿ ಕಲೆ ತಪ್ಪಿದ್ದಲ್ಲ. ಕಡು ಬಣ್ಣದ ಹಲಗೆಯಲ್ಲಿ ಅದು ಊರಿಗೆಲ್ಲ ಕಾಣುತ್ತದೆ. ತಿಳಿ ಬೂದು, ಗೆರೆ ಇರುವ ಬಿಳಿ ಇದನ್ನು ಮುಚ್ಚಿಕೊಳ್ಳುತ್ತವೆ. ಬೋರ್‌ವೆಲ್ ಮನೆಯವರು ಹೊಳೆಯುವ ಕಪ್ಪು ಹಾಕಿಸುವ ಮೊದಲು ಇನ್ನೊಂದು ಸಲ ಯೋಚಿಸಿ.

ಕಲೆ ಹೋಗಿಸುವುದಕ್ಕಿಂತ ಬರದಂತೆ ನೋಡುವುದೇ ಸುಲಭ. ನಲ್ಲಿಯ ಪಕ್ಕ ಒಂದು ಒಣಬಟ್ಟೆ ಇರಲಿ. ಕೊನೆಗೆ ಮುಖ ತೊಳೆದವರು ಹಲಗೆ ಒರೆಸಲಿ. ಬಂದ ಕಲೆಗೆ ಕ್ವಾರ್ಟ್ಜ್ ಅಥವಾ ಸಿಂಟರ್ಡ್ ಮೇಲೆ ನೀರು ಬೆರೆಸಿದ ವಿನೆಗರ್ ಐದು ನಿಮಿಷ ಬಿಟ್ಟು ತೊಳೆಯಬಹುದು. ಮೊಸಾಯಿಕ್ ಮೇಲೆ, ಸವೆದ ಕಲ್ಚರ್ಡ್ ಮಾರ್ಬಲ್ ಮೇಲೆ ಅದನ್ನೂ ಹಾಕಬೇಡಿ.

ಕಟ್ಟಿದ ಡ್ರೈನ್ ಬಿಡಿಸುವ ಪುಡಿ ಕಾಸ್ಟಿಕ್ ಸೋಡಾ. ಅದು ಕಲ್ಲನ್ನು ಬಿಟ್ಟು ನೇರವಾಗಿ ರೆಸಿನ್ನಿಗೆ ಕೈಹಾಕುತ್ತದೆ. ಚೆಲ್ಲಿದರೆ ತಕ್ಷಣ ತುಂಬಾ ನೀರು ಹಾಕಿ ತೊಳೆಯಿರಿ. ಇನ್ನು ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಎರಡನ್ನೂ ಒಟ್ಟಿಗೆ ಯಾವತ್ತೂ ಹಾಕಬೇಡಿ. ಮುಚ್ಚಿದ ಬಾತ್‌ರೂಮಿನಲ್ಲಿ ಏಳುವ ಕ್ಲೋರಿನ್ ಗಾಳಿ ಜೀವಕ್ಕೇ ಅಪಾಯ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ತಿಳಿಸಿ ಹೇಳಿ, ಯಾವ ಬಾಟಲಿ ಎಲ್ಲಿಗೆ ಅಂತ ತೋರಿಸಿಕೊಡಿ.

ಕೊನೆಯದಾಗಿ, ಬೇಸಿನ್ನಿಗಾಗಿ ಕೊರೆದು ತೆಗೆದ ತುಂಡನ್ನು ಯಾರ್ಡಿನಲ್ಲಿ ಬಿಟ್ಟು ಬರಬೇಡಿ. ಅದರ ದುಡ್ಡೂ ನಿಮ್ಮದೇ. ಮುಂದೆ ಅಂಚು ಚಕ್ಕೆ ಎದ್ದರೆ ಅದೇ ಬಣ್ಣ, ಅದೇ ಲಾಟಿನ ಪುಡಿ ಬೇಕಾಗುತ್ತದೆ. ಹೊಸ ಕ್ಲೀನರ್ ತಂದಾಗ ಮೊದಲು ಅದರ ಮೇಲೆ ಹಾಕಿ ನೋಡಬಹುದು. ನಾನು ಹಾಗಂತಲೇ ಎರಡು ತುಂಡು ಜೋಪಾನವಾಗಿ ಮನೆಗೆ ತಂದಿಟ್ಟೆ. ಒಂದು ಸಿಂಕಿನ ಕೆಳಗೆ ಇದೆ. ಇನ್ನೊಂದನ್ನು ಅತ್ತೆ ಚಪಾತಿ ಲಟ್ಟಿಸಲು ತೆಗೆದುಕೊಂಡರು, ವಾಪಸ್ ಕೊಡುವ ಲಕ್ಷಣ ಇಲ್ಲ.